ಸಾಡೇಸಾತ್ ನಂಬರಿನ ಟಾಯರು

ನನಗೊಂದು ಕೆಟ್ಟ ಚಟವಿದೆ. ಯಾರ ಮನೆಯ ಮುಂದಾದರೂ ಗಾಡಿ ನಿಂತಿದ್ದರೆ ಮೊದಲು ಅದರ ಟಾಯರು ನೋಡುತ್ತೇನೆ, ಆಮೇಲೆ ಮನೆಯವರ ಮುಖ. ಮದುವೆಗೆ ಹೋದಾಗಲೂ ಅಷ್ಟೇ. ಒಳಗೆ ಅಕ್ಕಿಕಾಳು ಬೀಳುವ ಹೊತ್ತಿಗೆ ನಾನು ಹೊರಗೆ ಕುಕ್ಕುರುಗಾಲಿನಲ್ಲಿ ಕೂತು ಯಾರದೋ ಜೀಪಿನ ಹಿಂದಿನ ಗಾಲಿಯ ಗೀರುಗಳಲ್ಲಿ ಬೆರಳಾಡಿಸುತ್ತಿರುತ್ತೇನೆ. ಹೋದ ವಾರ ದವಾಖಾನೆಯ ಅಂಗಳದಲ್ಲಿ ಡಾಕ್ಟರರ ಗಾಡಿಯ ಮುಂದೆ ಹೀಗೆ ಕೂತಿದ್ದೆ. ಕಾಂಪೌಂಡರ ಓಡಿ ಬಂದು, ಅಜ್ಜಾರ ಚಕ್ಕರ ಬಂತೇನ್ರಿ ಎಂದು ರಟ್ಟೆ ಹಿಡಿದು ಎಬ್ಬಿಸಿದ. ಚಕ್ಕರವೇನೋ ನಿಜ, ಆದರೆ ಅವನು ತಿಳಿದುಕೊಂಡದ್ದಲ್ಲ.

ಇದಕ್ಕೆ ಹವ್ಯಾಸ ಎಂದು ಹೆಸರಿಟ್ಟರೆ ನನ್ನ ಮರ್ಯಾದೆ ಉಳಿಯುತ್ತದೆ. ಆದರೆ ನಿಮ್ಮ ಮುಂದೆ ಸುಳ್ಳು ಯಾಕೆ? ಇದು ಹೊಟ್ಟೆಕಿಚ್ಚು. ಬೆಂಕಿ ಆರಿದೆ, ಒಲೆ ಇನ್ನೂ ಬೆಚ್ಚಗಿದೆ.

ನಮ್ಮ ಊರು ನೂಲ. ಗಡಹಿಂಗ್ಲಜ ತಾಲೂಕಿನಲ್ಲಿದೆ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ, ಜಗಳ ಬಂದರೆ ಎರಡೂ. ನಾವು ಸಣ್ಣವರಿದ್ದಾಗ ಗಾಲಿ ಓಡಿಸುವುದೇ ಆಟ, ಮತ್ತು ಆ ಗಾಲಿಗಳಲ್ಲಿ ಮೇಲು ಕೀಳು ಇತ್ತು. ಹಳೇ ಬುಟ್ಟಿಯ ಬಳೆ ಓಡಿಸುವವನು ಎಲ್ಲರಿಗಿಂತ ಕೆಳಗೆ. ಅವನ ಮೇಲೆ ಸೈಕಲ್ಲಿನ ರಿಮ್ಮು, ಅದರ ಮೇಲೆ ಸೈಕಲ್ಲಿನ ಟಾಯರು. ಊರಿಗೆಲ್ಲ ಒಂದೇ ಒಂದು ಮೋಟಾರಿನ ಟಾಯರಿತ್ತು, ಅದು ಪಾಟೀಲರ ಮಗನದು. ಅವನು ಅದರೊಳಗೆ ಮುದುಡಿ ಕೂತು ಏರಿನಿಂದ ಕೆಳಗೆ ಉರುಳಿ ಬರುತ್ತಿದ್ದ. ನನ್ನದು ರಿಮ್ಮು. ಅದರಲ್ಲಿ ಕೂರಲು ಸಾಧ್ಯವಿದ್ದರೆ ಬೆಕ್ಕಿಗೆ ಮಾತ್ರ. ಒಂದು ತಿಂಗಳು ಅವನ ದನ ಮೇಯಿಸಿಕೊಟ್ಟ ಮೇಲೆ ನನಗೊಮ್ಮೆ ಒಳಗೆ ಕೂರಲು ಅಪ್ಪಣೆಯಾಯಿತು. ಏರಿನ ಬುಡ ಮುಟ್ಟುವ ಹೊತ್ತಿಗೆ ಬೆಳಗಿನ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು, ಕಿಚ್ಚೊಂದನ್ನು ಬಿಟ್ಟು.

ದೊಡ್ಡವನಾಗಿ ಗಡಹಿಂಗ್ಲಜದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟು ಅಲ್ಲೇ ಮನೆ ಮಾಡಿದೆ. ಇಚಲಕರಂಜಿ ಕಡೆಯ ಕೊರೋಚಿಯ ಗೌರವ್ವನನ್ನು ಮದುವೆಯಾದೆ. ಗೌರವ್ವನ ಜೊತೆಗೆ ಅವಳ ಅಕ್ಕನ ಗಂಡ ಕಲ್ಲಪ್ಪಣ್ಣನೂ ನನ್ನ ಬಾಳಿನೊಳಗೆ ಬಂದ. ಷಡ್ಡಕ ಎನ್ನಿ, ನಮ್ಮ ಕಡೆಯ ಮರಾಠಿಯಲ್ಲಿ ಸಾಡೂ. ಇಚಲಕರಂಜಿಯ ಪಕ್ಕದ ಕಬನೂರಿನಲ್ಲಿ ಅವನಿಗೆ ಹನ್ನೆರಡು ಮಗ್ಗಗಳಿದ್ದವು. ಮಗ್ಗದವರು ಸಾಮಾನ್ಯವಾಗಿ ಜೋರಾಗಿ ಮಾತಾಡುತ್ತಾರೆ, ಆ ಖಟಖಟದಲ್ಲಿ ಬೇರೆ ದಾರಿಯಿಲ್ಲ. ಕಲ್ಲಪ್ಪಣ್ಣ ಮಾತ್ರ ಮೆಲ್ಲಗೆ ಮಾತಾಡುತ್ತಿದ್ದ. ಎದುರಿನವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುವುದು ಅವನಿಗೆ ಶೆಡ್ಡಿನಲ್ಲಿ ರೂಢಿಯಾಗಿತ್ತು. ಅತ್ತೆಯ ಮನೆಯಲ್ಲಿ ನಾವಿಬ್ಬರೂ ಪಂಕ್ತಿಯಲ್ಲಿ ಕೂತರೆ ಅವನ ತಾಟಿಗೆ ತುಪ್ಪ ಮೊದಲು ಬೀಳುತ್ತಿತ್ತು. ಹಿರಿಯ ಅಳಿಯ, ಬೀಳಬೇಕಾದದ್ದೇ. ಆದರೆ ತುಪ್ಪದ ಚಮಚ ಅಲ್ಲಿಂದ ನನ್ನ ತಾಟಿಗೆ ಬರುವಷ್ಟರಲ್ಲಿ ನಾನು ಎಷ್ಟು ಸಲ ಎಣಿಸಿರಬೇಕು ಹೇಳಿ.

ಒಂದು ವಿಷಯದಲ್ಲಿ ಮಾತ್ರ ನಾನು ಮುಂದಿದ್ದೆ. ನನ್ನ ಹತ್ತಿರ ಗಾಡಿ ಇತ್ತು. ಹರಾಜಿನಲ್ಲಿ ತಂದ ಹಳೇ ಜೀಪು. ಹಿಂಭಾಗ ಕತ್ತರಿಸಿ ಕೊಲ್ಹಾಪುರದಲ್ಲಿ ತೆರೆದ ತೊಟ್ಟಿ ಕೂರಿಸಿ ಪಿಕಪ್ ಮಾಡಿಸಿದ್ದೆ. ಮುಂದೆ ಇಬ್ಬರು ಕೂರಬಹುದು, ಹಿಂದೆ ಗೊಬ್ಬರದ ಚೀಲ. ನಾನು ಅತ್ತೆಯ ಮನೆಗೆ ಗಾಡಿಯಲ್ಲಿ ಹೋಗುತ್ತಿದ್ದೆ, ಕಲ್ಲಪ್ಪಣ್ಣ ಸೈಕಲ್ ಮೇಲೆ ಬರುತ್ತಿದ್ದ. ಮೂರು ವರ್ಷ ನಾನು ಸುಖವಾಗಿದ್ದೆ.

ನಾಲ್ಕನೆಯ ವರ್ಷದ ಮಳೆಗಾಲದಲ್ಲಿ, ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ, ನೂಲದ ನಮ್ಮ ಮನೆಗೆ ಕಲ್ಲಪ್ಪಣ್ಣ ಪಿಕಪ್ಪಿನಲ್ಲಿ ಬಂದಿಳಿದ. ನನ್ನದರಂಥದೇ ಗಾಡಿ, ಆದರೆ ಕೆಳಗಿನ ಸ್ಪ್ರಿಂಗಿನ ಪಾಟಾಗಳ ಕಟ್ಟಿಗೆ ಇನ್ನೆರಡು ಪಾಟಾ ಸೇರಿಸಿ ಮೈ ಎತ್ತರಿಸಿದ್ದ. ಕೆಳಗೆ ಟಾಯರುಗಳು. ಏನು ಹೇಳಲಿ ಅವುಗಳನ್ನು? ಅಗಲವಾಗಿ, ಕಪ್ಪಗೆ, ಮೈತುಂಬ ಬೆಲ್ಲದ ಅಚ್ಚುಗಳಂತೆ ಗಟ್ಟಿಗಟ್ಟಿ ಉಬ್ಬುಗಳು. ಅವುಗಳ ಮುಂದೆ ನನ್ನ ಗಾಡಿಯ ಟಾಯರು ನೀರಲ್ಲಿ ಹಾಕಿ ತೆಗೆದ ಹಪ್ಪಳದಂತೆ ಕಾಣಿಸಿತು. ನನ್ನ ಅಪ್ಪ, ತನ್ನ ಸ್ವಂತ ಮಗನ ಗಾಡಿಯನ್ನು ಒಂದು ದಿನವೂ ಸುತ್ತುಹಾಕಿ ನೋಡದವನು, ಕಲ್ಲಪ್ಪಣ್ಣನ ಗಾಡಿಯನ್ನು ಎರಡು ಸುತ್ತು ಹಾಕಿದ.

ಅವತ್ತೇ ಸಂಜೆ ಹೊರಟಾಗ ಊರ ಹೊರಗಿನ ಎರೆಮಣ್ಣಿನ ದಾರಿಯಲ್ಲಿ ನನ್ನ ಗಾಡಿ ಹೂತುಕೊಂಡಿತು. ಗಾಲಿ ತಿರುಗುತ್ತದೆ, ಗಾಡಿ ಹೋಗುವುದಿಲ್ಲ, ಕೆಸರು ಮಾತ್ರ ಹಿಂದೆ ನಿಂತವರ ಧೋತರಕ್ಕೆ ಹಾರುತ್ತದೆ. ಕಲ್ಲಪ್ಪಣ್ಣ ತನ್ನ ಗಾಡಿಗೆ ಹಗ್ಗ ಕಟ್ಟಿ ನನ್ನನ್ನು ಡಾಂಬರು ರಸ್ತೆಯವರೆಗೆ ಎಳೆದುಕೊಂಡು ಹೋದ. ಹಗ್ಗ ಬಿಚ್ಚುವಾಗ, ನಿನ್ನ ಗಾಡಿಯದೇನೂ ತಪ್ಪಿಲ್ಲಪಾ, ಮಣ್ಣು ಹಂಗೈತಿ ಎಂದ. ಅವನು ನಕ್ಕಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಸಮಾಧಾನ ಹೇಳಿದ್ದು ತಡೆಯಲಾಗಲಿಲ್ಲ.

ಮುಂದಿನ ವಾರವೇ ಕೊಲ್ಹಾಪುರಕ್ಕೆ ಹೋದೆ. ಅಲ್ಲಿ ಮಿಲಿಟರಿ ಹರಾಜಿನ ಟಾಯರು ಮಾರುವ ಒಬ್ಬ ಮುದುಕರಿದ್ದರು. ಎಲ್ಲರೂ ಚಾಚಾ ಎನ್ನುತ್ತಿದ್ದರು. ಅವರು ಮರಾಠಿಯಲ್ಲಿ ಮೊದಲು ಕೇಳಿದ್ದು, ನಿಮ್ಮ ರಸ್ತೆ ಯಾವುದು ಮಾಲಕ, ಎಂದು. ಡಾಂಬರು ಎಷ್ಟು, ಮಣ್ಣು ಎಷ್ಟು, ತುಂಬಿದ ಗಾಡಿ ಎಷ್ಟು ದಿನ ಓಡುತ್ತದೆ, ಖಾಲಿ ಎಷ್ಟು ದಿನ. ಹೆಣ್ಣು ನೋಡಲು ಬಂದವರು ಕೂಡ ಇಷ್ಟು ವಿಚಾರಿಸುವುದಿಲ್ಲ. ಗೀರಿನ ಟಾಯರು ಡಾಂಬರಿಗೆ, ದೊಡ್ಡ ಗಟ್ಟಿಗಳದು ಕೆಸರಿಗೆ, ಇವೆರಡರ ನಡುವಿನದೊಂದಿದೆ, ಅದು ಎಲ್ಲ ನೆಲಕ್ಕೂ ನಡೆಯುತ್ತದೆ ಎಂದು ಒಂದೊಂದನ್ನೂ ಉರುಳಿಸಿ ತೋರಿಸಿದರು. ನಾನು ಕೇಳಿಸಿಕೊಳ್ಳುವವನಂತೆ ತಲೆಯಾಡಿಸಿ, ಕಬನೂರಿನ ಮಗ್ಗದವರು ಯಾವುದು ಒಯ್ದರು ಎಂದು ಕೇಳಿದೆ.

ಚಾಚಾಗೆ ನೆನಪಿತ್ತು. ಆ ಮನುಷ್ಯ ಮೂರು ಸಲ ಬಂದಿದ್ದರಂತೆ. ಮೊದಲ ಸಲ ಬರೀ ಅಳತೆ ತೆಗೆದುಕೊಂಡು ಹೋದರು, ಎರಡನೆಯ ಸಲ ಹೆಂಡತಿಯನ್ನು ಕರೆತಂದು ಗಾಡಿ ಹತ್ತಲು ಆಗುತ್ತದೆಯೋ ನೋಡಿದರು, ಮೂರನೆಯ ಸಲ ಒಯ್ದರು. ಅದೇ ನಡುವಿನ ಜಾತಿ, ಏಳು-ಹದಿನಾರು ನಂಬರು. ನನ್ನ ಗಾಡಿಯಲ್ಲಿದ್ದದ್ದು ಆರು-ಹದಿನಾರು.

ಏಳಕ್ಕಿಂತ ದೊಡ್ಡದು ಇದೆಯೇ ಎಂದೆ. ಇದೆ, ಏಳೂವರೆ, ಎಂದರು. ಮರಾಠಿಯಲ್ಲಿ ಏಳೂವರೆಗೆ ಸಾಡೇಸಾತ್ ಎನ್ನುತ್ತಾರೆ. ಕೊನೆಗೊಂದು ಗುಡಿಸು ಕೊಟ್ಟರೆ ಅದೇ ಸಾಡೇಸಾತಿ, ಶನಿಯ ಕಾಟದ ಹೆಸರು. ನನ್ನ ಕಿವಿಗೆ ಅದು ಅವತ್ತು ಬೀಳಲಿಲ್ಲ. ಸಾಡೇಸಾತ್ ಕೊಡಿ, ಅದರಲ್ಲೂ ದೊಡ್ಡ ಗಟ್ಟಿಗಳದೇ ಕೊಡಿ, ಎಂದೆ.

ಚಾಚಾ ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದರು, ಸೀಮೆಸುಣ್ಣದಿಂದ ಮಡ್‌ಗಾರ್ಡಿನ ಒಳಗೆ ಗೆರೆ ಎಳೆದು, ಪೂರ್ತಿ ತಿರುಗಿಸಿದಾಗ ಟಾಯರು ಇಲ್ಲಿ ಉಜ್ಜುತ್ತದೆ ಎಂದು ತೋರಿಸಿದರು. ಮಡ್‌ಗಾರ್ಡು ಕತ್ತರಿಸಿ ಎಂದೆ. ಗಾಡಿ ಎತ್ತರಿಸಬೇಕಾಗುತ್ತದೆ ಎಂದರು. ಅವನದಕ್ಕೆ ಎರಡು ಪಾಟಾ ಹಾಕಿದ್ದರೆ ನನ್ನದಕ್ಕೆ ಮೂರು ಹಾಕಿ ಎಂದೆ. ಏರಿನಲ್ಲಿ ಇಂಜಿನ್ನು ದಣಿಯುತ್ತದೆ, ಬ್ರೇಕು ಹಿಡಿದಾಗ ಮೊದಲಿಗಿಂತ ಮುಂದೆ ಹೋಗಿ ನಿಲ್ಲುತ್ತದೆ ಎಂದರು. ಅಷ್ಟೂ ಕೇಳಿ ನಾನು ಚಹಾ ತರಿಸಿದೆ. ಮುದುಕರು ನನ್ನ ಮುಖ ನೋಡಿದರು. ಇಂಥ ಗಿರಾಕಿಗಳನ್ನು ಬಹಳ ಕಂಡಿರಬೇಕು. ಸುಮ್ಮನೆ ಗಾಲಿ ಬಿಚ್ಚಲು ಹೇಳಿದರು.

ಗಾಡಿ ತಯಾರಾಗಿ ನಿಂತಾಗ ಅದು ನನ್ನದೆಂದು ನನಗೇ ನಂಬಿಕೆ ಬರಲಿಲ್ಲ, ಅಷ್ಟು ಎತ್ತರ. ಡಾಂಬರಿನ ಮೇಲೆ ಹೊರಟರೆ ಟಾಯರು ಜೇನುಹುಟ್ಟಿನಂತೆ ಗುಂಯ್ ಎನ್ನುತ್ತಿತ್ತು. ಕಾಗಲ ಮುಟ್ಟುವವರೆಗೆ ಅದು ನನಗೆ ಸನಾದಿಯಾಗಿ ಕೇಳಿಸಿತು. ನಿಪ್ಪಾಣಿಯ ಹೊತ್ತಿಗೆ ತಲೆನೋವು. ದಾರಿಯಲ್ಲಿ ಪಂಕ್ಚರಾಯಿತು. ಇಳಿದು ನೋಡಿದರೆ ಹಳೇ ಜಾಕು ಗಾಡಿಯ ಹೊಟ್ಟೆಯನ್ನು ಮುಟ್ಟುವುದೇ ಇಲ್ಲ. ಕಲ್ಲಿನ ಮೇಲೆ ಕಲ್ಲಿಟ್ಟು ಅದರ ಮೇಲೆ ಜಾಕಿಟ್ಟು ಎತ್ತಿದೆ. ಮನೆಯ ಮುಂದೆ ನಿಲ್ಲಿಸಿದಾಗ ಗೌರವ್ವ ಹೊರಗೆ ಬಂದು ನೋಡಿ, ನಾ ಹೆಂಗ ಹತ್ತಲಿ ಎಂದು ಕೇಳಿದಳು. ನಾನು ಒಳಗಿನಿಂದ ಊಟದ ಮಣೆ ತಂದು ಇಟ್ಟೆ. ಅವಳು ಅದರ ಮೇಲೆ ಕಾಲಿಡಲಿಲ್ಲ. ಉಣ್ಣುವ ಮಣೆಗೆ ಕಾಲು ಹಚ್ಚುವುದುಂಟೇ ಎಂದು ಒಳಗೆ ಒಯ್ದಿಟ್ಟು, ಗಾಲಿಯ ಗಟ್ಟಿಗಳ ಮೇಲೆ ಕಾಲಿಟ್ಟು, ಸೀರೆ ಹಿಡಿದು, ಹೇಗೋ ಹತ್ತಿದಳು.

ಇಷ್ಟೆಲ್ಲ ಮಾಡಿದ್ದು ಒಂದು ಮುಖ ನೋಡಲು ತಾನೇ? ಆ ಭಾನುವಾರವೇ ಕಬನೂರಿಗೆ ಹೋದೆ. ಮಗ್ಗದ ಶೆಡ್ಡಿನ ಮುಂದೆ ಕಲ್ಲಪ್ಪಣ್ಣನ ಗಾಡಿಗೆ ಒತ್ತಿ ನನ್ನದನ್ನು ನಿಲ್ಲಿಸಿದೆ. ನನ್ನದು ನಾಲ್ಕು ಬೆರಳು ಎತ್ತರ. ಅವನು ಹೊರಗೆ ಬಂದ. ಮೈಮೇಲೆಲ್ಲ ಹತ್ತಿಯ ಧೂಳು, ಹುಬ್ಬಿನ ಮೇಲೂ. ನಾನು ಅವನ ಕಣ್ಣನ್ನೇ ನೋಡುತ್ತ ನಿಂತೆ. ಅವನು ಬಾಗಿ ಟಾಯರಿನ ಮೇಲೆ ಕೈಯಾಡಿಸಿ, ಬಟ್ಟೆಯ ನೇಯ್ಗೆಯ ಪೋತ ನೋಡುವವನಂತೆ ಹೆಬ್ಬೆರಳಿನಿಂದ ಒತ್ತಿ, "ಭಾಳ ಛಲೋ ಮಾಲ ಐತಿ ಶಿವಪ್ಪಾ. ನಂದಕ್ಕಿಂತ ಛಲೋ ಐತಿ" ಎಂದ.

ಮನಸಾರೆ ಅಂದ. ಅದರಲ್ಲಿ ಒಂದು ಎಳೆಯೂ ಸಿಕ್ಕು ಇರಲಿಲ್ಲ. ನನಗೆ ಅಳು ಬರುವುದೊಂದು ಬಾಕಿ. ಒಬ್ಬ ಮನುಷ್ಯ ನಮ್ಮನ್ನು ಕಂಡು ಹೊಟ್ಟೆಕಿಚ್ಚು ಪಡದಿದ್ದರೆ ನಾವು ಅವನ ಮೇಲೆ ಪಟ್ಟದ್ದೆಲ್ಲ ವ್ಯರ್ಥವಲ್ಲವೇ? ಹಿಂದಿರುಗುವಾಗ ಗೌರವ್ವ, ಯಾಕ್ರಿ ಸುಮ್ಮನಾದ್ರಿ ಎಂದು ಎರಡು ಸಲ ಕೇಳಿದಳು. ಟಾಯರಿನ ಸದ್ದಿನಲ್ಲಿ ಕೇಳಿಸಲಿಲ್ಲ ಎಂದೆ.

ಮರುವರ್ಷ ಶ್ರಾವಣದ ಒಂದು ಸೋಮವಾರ ನೂಲದ ಮನೆಯಲ್ಲಿ ಊಟವಿತ್ತು. ಕಲ್ಲಪ್ಪಣ್ಣ ಮತ್ತು ಅವನ ಹೆಂಡತಿ ಶಾಂತಕ್ಕ ಬಂದಿದ್ದರು. ಮಧ್ಯಾಹ್ನ ಉಂಡು ಎರಡೂ ಗಾಡಿ ಹೊರಟೆವು. ಊರಿಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳವಿದೆ. ಆಗ ಅದಕ್ಕೆ ಸೇತುವೆಯಿರಲಿಲ್ಲ, ತಳದಲ್ಲಿ ಕಲ್ಲು ಹಾಸಿದ ದಾಟು ಮಾತ್ರ. ಬೆಳಿಗ್ಗೆ ಮೊಣಕಾಲಿನ ಕೆಳಗಿದ್ದ ನೀರು ಈಗ ಚಹಾದ ಬಣ್ಣ ತಳೆದು ಕಲ್ಲುಗಳನ್ನು ಪೂರ್ತಿ ಮುಚ್ಚಿತ್ತು. ಪಡುವಣ ದಿಕ್ಕಿನಲ್ಲಿ ಎಲ್ಲೋ ಚೆನ್ನಾಗಿ ಮಳೆ ಹೊಡೆದಿರಬೇಕು. ಈ ದಂಡೆಯಲ್ಲಿ ಒಂದೆರಡು ಚಕ್ಕಡಿಗಳು ನಿಂತಿದ್ದವು. ಕಲ್ಲಪ್ಪಣ್ಣ ಗಾಡಿ ನಿಲ್ಲಿಸಿ ಇಳಿದ, ನೀರಿನ ಅಂಚಿನವರೆಗೆ ನಡೆದು ಹೋದ, ಒಂದು ಕಡ್ಡಿ ಎಸೆದು ಅದು ಹೋಗುವ ವೇಗ ನೋಡಿದ. ಆಮೇಲೆ ನನ್ನ ಗಾಡಿಯ ಹತ್ತಿರ ಬಂದು, ಗಾಡಿಗಳು ಖಾಲಿ ಅದಾವು, ದೊಡ್ಡ ಟಾಯರು ಅಂದರೆ ಒಳಗೆ ಗಾಳಿ ಭಾಳ, ನೀರಾಗ ತೇಲತಾವು, ಒಂದೆರಡು ತಾಸು ಕೂಡೋಣ ಎಂದ.

ನಿಂತುಬಿಡಬಹುದಿತ್ತು. ದಂಡೆಯ ಮೇಲೆ ಬೇವಿನ ಗಿಡವಿತ್ತು, ಶಾಂತಕ್ಕನ ಬುತ್ತಿಯಲ್ಲಿ ಉಳಿದ ಹೋಳಿಗೆಯಿತ್ತು. ಆದರೆ ಅವನು ದಾಟುವುದಿಲ್ಲ ಎಂದದ್ದೇ ನನಗೆ ಸಾಕಾಯಿತು. ಅವನು ದಾಟದ ನೀರನ್ನು ನಾನು ದಾಟಿ ಆಚೆ ದಂಡೆಯಿಂದ ಕೈ ಬೀಸುವುದು ಕಣ್ಣಿಗೆ ಕಟ್ಟಿತು. ಅವನದು ಏಳು, ನನ್ನದು ಏಳೂವರೆ. ಗಾಡಿಯನ್ನು ಗೇರಿಗೆ ಹಾಕಿದೆ. ಗೌರವ್ವ ಪಕ್ಕದಲ್ಲಿ ಕೂತಿದ್ದಳು, ಎದುರಿನ ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ಮೊದಲ ಹತ್ತು ಮಾರು ಟಾಯರು ಕಲ್ಲನ್ನು ಕಚ್ಚಿ ಹಿಡಿದಿತ್ತು, ನನ್ನ ಎದೆ ಉಬ್ಬಿತ್ತು. ಆಮೇಲೆ ಕೈಯಲ್ಲಿದ್ದ ಸ್ಟೇರಿಂಗು ಇದ್ದಕ್ಕಿದ್ದಂತೆ ಹಗುರಾಯಿತು. ಗಿರಣಿಯ ಪಟ್ಟಾ ಕಳಚಿದರೆ ಚಕ್ರ ಹೇಗೆ ಸುಮ್ಮನೆ ತಿರುಗುತ್ತದೆಯೋ ಹಾಗೆ. ಬಲಕ್ಕೆ ತಿರುಗಿಸಿದೆ, ಎಡಕ್ಕೆ ತಿರುಗಿಸಿದೆ, ಗಾಡಿಗೆ ಅದರ ಸುದ್ದಿಯೇ ಇಲ್ಲ. ಹಿಂಭಾಗ ಮೆಲ್ಲಗೆ ತಿರುಗಿತು. ಗಾಡಿ ಕಲ್ಲಿನ ದಾಟನ್ನು ಬಿಟ್ಟು ಓರೆಯಾಗಿ ತೇಲುತ್ತ ಹೋಗಿ, ದೇವರು ದೊಡ್ಡವನು, ಕೆಳಗಿದ್ದ ಜಾಲಿ ಗಿಡಕ್ಕೆ ಆತುಕೊಂಡಿತು. ಒಳಗೆ ನೀರು ಬಂತು. ಮೊದಲು ಪಾದಕ್ಕೆ, ಆಮೇಲೆ ಮೊಣಕಾಲಿಗೆ, ಆಮೇಲೆ ಕೂತ ಗಾದಿಗೆ. ಸರಳು ಹಿಡಿದ ಗೌರವ್ವನ ಬೆರಳುಗಳು ಬೆಳ್ಳಗಾಗಿದ್ದವು.

ಕಲ್ಲಪ್ಪಣ್ಣ ತನ್ನ ಗಾಡಿಗೆ ಹಗ್ಗದ ಒಂದು ತುದಿ ಕಟ್ಟಿ, ಇನ್ನೊಂದು ತುದಿ ಸೊಂಟಕ್ಕೆ ಸುತ್ತಿಕೊಂಡು ನೀರಿಗಿಳಿದ. ಚಕ್ಕಡಿಯವರು ಹಗ್ಗ ಹಿಡಿದು ನಿಂತರು. ನೀರು ಅವನ ಎದೆಗೆ ಬಂದು, ಒಮ್ಮೆ ತಲೆಯ ಮೇಲೂ ಹೋಯಿತು. ಬಾಗಿಲಿಗೆ ಬಂದು ಮುಟ್ಟಿದವನೇ, ನನ್ನ ಕಡೆ ನೋಡದೆ, ಗೌರವ್ವನನ್ನು ಬೆನ್ನ ಮೇಲೆ ಹಾಕಿಕೊಂಡ. ಎರಡನೆಯ ಸಲ ಬಂದು ನನ್ನನ್ನು ಒಯ್ದ.

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅವನ ಹೆಗಲು ಹಿಡಿದು ನೀರಿನಲ್ಲಿ ಬರುವಾಗ, ಜೀವ ಉಳಿಯಿತು ಎನ್ನುವ ಮೊದಲು ನನ್ನ ಮನಸ್ಸಿಗೆ ಬಂದದ್ದು, ಇದೂ ಇವನ ಪಾಲಿಗೇ ಬಂತಲ್ಲ ಎಂದು. ಅವನಿಗೆ ಈಜು ಬರುವುದಿಲ್ಲ ಎಂದು ಶಾಂತಕ್ಕ ಆಮೇಲೆ, ದಂಡೆಯ ಮೇಲೆ ಕೂತು, ಹಲ್ಲು ಕಟಕಟಿಸುತ್ತ ಹೇಳಿದಳು. ಒದ್ದೆಯಾದವನು ಅವನು, ನಡುಗುತ್ತಿದ್ದವಳು ಅವಳು.

ನಾನು ಗೌರವ್ವನ ಹತ್ತಿರ ಹೋಗಿ, ನೀನಾದರೂ ಬೇಡ ಅನ್ನಬಾರದಿತ್ತೇ ಎಂದೆ. ತಪ್ಪನ್ನು ಎರಡು ಪಾಲು ಮಾಡಿ ಹಂಚಿಕೊಳ್ಳುವ ಆಸೆ. ಅವಳು ಸೆರಗು ಹಿಂಡುತ್ತಿದ್ದಳು. ಉತ್ತರ ಕೊಟ್ಟವನು ಕಲ್ಲಪ್ಪಣ್ಣ. ಯಾವತ್ತಿನಂತೆ ಮೆಲ್ಲಗೇ ಹೇಳಿದ.

"ಆಕಿ ಮೂರು ಸಲ ಇಳಸ್ರಿ ಅಂದಳು ಶಿವಪ್ಪಾ. ನಾ ಇಲ್ಲಿ ನಿಂತು ಆಕಿ ತುಟಿ ನೋಡೇನಿ."

ನನಗೆ ಕೇಳಿಸಿತ್ತು. ಮೂರೂ ಸಲ.

ಗೌರವ್ವ ಆಗ ತಲೆ ಎತ್ತಿದಳು. "ನನ್ನ ಬಾಜೂಕ ಕುಂದರಿಸಿಕೊಂಡು ನೀವು ಯಾರ ಜೋಡಿ ಪಣ ಕಟ್ಟಿದ್ರಿ?" ಎಂದು ಕೇಳಿದಳು. ಜೋರಾಗಿ ಕೇಳಲಿಲ್ಲ. ಉತ್ತರಕ್ಕೆ ಕಾಯಲೂ ಇಲ್ಲ. ಅಕ್ಕನ ಗಾಡಿಯ ಕಡೆ ನಡೆದಳು.

ನೀರಿಳಿದ ಮೇಲೆ ಆರು ಎತ್ತು ಹೂಡಿ ಗಾಡಿ ಹೊರಗೆಳೆದೆವು. ಕೊಲ್ಹಾಪುರಕ್ಕೆ ಒಯ್ದು ಸಾಡೇಸಾತ್ ಬಿಚ್ಚಿಸಿ, ಪಾಟಾ ತೆಗೆಸಿ, ಮೊದಲಿನ ಆರನ್ನೇ ಹಾಕಿಸಿದೆ. ಕತ್ತರಿಸಿದ ಮಡ್‌ಗಾರ್ಡನ್ನು ಮಾತ್ರ ಮತ್ತೆ ಕೂಡಿಸಲಾಗಲಿಲ್ಲ. ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ ಗೌರವ್ವನನ್ನು ಕರೆದು ತೋರಿಸಿದೆ, ಈಗ ಮಣೆ ಬೇಡ, ಸುಮ್ಮನೆ ಕಾಲೆತ್ತಿಟ್ಟರೆ ಸಾಕು ಎಂದೆ.

"ಟಾಯರ ಬದಲಿ ಮಾಡಿಸೀರಿ," ಎಂದಳು. "ಓಡಸಾಂವ ಅಂವನ ಅದಾನಲ್ಲ."

ಅವತ್ತಿನಿಂದ ಅವಳು ನನ್ನ ಗಾಡಿ ಹತ್ತಲಿಲ್ಲ. ಮನೆಯಲ್ಲಿ ಎಲ್ಲ ಎಂದಿನಂತೆ ನಡೆಯಿತು. ಬಿಸಿ ರೊಟ್ಟಿ ಬಡಿಯುತ್ತಿದ್ದಳು, ಅಂಗಡಿಗೆ ಚಹಾ ಕಳಿಸುತ್ತಿದ್ದಳು, ಜ್ವರ ಬಂದರೆ ಹಣೆಗೆ ಪಟ್ಟಿ ಹಾಕುತ್ತಿದ್ದಳು. ಆದರೆ ತವರಿಗೆ ಹೋಗುವುದಿದ್ದರೆ ಗಡಹಿಂಗ್ಲಜ ಸ್ಟ್ಯಾಂಡಿಗೆ ನಡೆದು ಹೋಗಿ ಇಚಲಕರಂಜಿಯ ಎಸ್.ಟಿ. ಬಸ್ಸು ಹಿಡಿಯುತ್ತಿದ್ದಳು. ತಿಂಗಳೆರಡು ತಿಂಗಳಿಗೊಮ್ಮೆ ಆಕೆಯ ಈ ಪ್ರಯಾಣ. ನಾನೂ ಅದೇ ದಿನ ನನಗೂ ಆ ಕಡೆ ಕೆಲಸವಿದೆ ಎಂದು ನೆಪ ಹುಡುಕಿಕೊಂಡು, ಬಸ್ಸು ಬಿಟ್ಟ ಕೂಡಲೇ ಗಾಡಿ ತೆಗೆದುಕೊಂಡು ಹಿಂದೆ ಹೋಗುತ್ತಿದ್ದೆ. ನಗಬೇಡಿ. ಎರಡು ವರ್ಷ ಹೀಗೆ ಹೋಗಿದ್ದೇನೆ, ಹೆಂಡತಿ ಮುಂದಿನ ಕೆಂಪು ಬಸ್ಸಿನಲ್ಲಿ, ನಾನು ಅದರ ಹೊಗೆಯಲ್ಲಿ.

ಒಂದು ಸಲ ಸಂಕೇಶ್ವರದ ದಾರಿಯಲ್ಲಿ, ತಿರುವಿನಲ್ಲಿ ಬಸ್ಸು ನಿಧಾನವಾದಾಗ, ಕಿಟಕಿಯಲ್ಲಿ ಅವಳು ಕಂಡಳು. ಪಕ್ಕದಲ್ಲಿ ಯಾರೋ ಬುಟ್ಟಿಯ ಹೆಂಗಸು. ಇಬ್ಬರೂ ಹಸಿ ಶೇಂಗಾ ಸುಲಿದು ತಿನ್ನುತ್ತಿದ್ದರು. ಆ ಹೆಂಗಸು ಏನೋ ಹೇಳಿದಳು, ಗೌರವ್ವ ತಲೆ ಹಿಂದೆ ಹಾಕಿ ನಕ್ಕಳು. ನಗುತ್ತ ಸಿಪ್ಪೆಯನ್ನು ಕಿಟಕಿಯ ಹೊರಗೆ ತೂರಿದಳು. ಅದರಲ್ಲಿ ಒಂದೆರಡು ನನ್ನ ಗಾಡಿಯ ಮುಂದಿನ ಗಾಜಿನ ಮೇಲೆ ಬಿದ್ದವು.

ಪಾಟೀಲರ ಮಗನ ಮೇಲೆ, ಕಲ್ಲಪ್ಪಣ್ಣನ ಮೇಲೆ ನಾನು ಪಟ್ಟ ಹೊಟ್ಟೆಕಿಚ್ಚು ಆ ಹೊತ್ತಿನ ಮುಂದೆ ಏನೂ ಅಲ್ಲ. ಗುರುತಿಲ್ಲದ ಒಬ್ಬ ಹೆಂಗಸಿನ ಮೇಲೆ, ಆ ಬಸ್ಸಿನ ಡ್ರೈವರನ ಮೇಲೆ, ಆ ಹರಿದ ಸೀಟಿನ ಮೇಲೆ ಕೂಡ ನನಗೆ ಉರಿಯಿತು. ನನ್ನ ಗಾಡಿಯಲ್ಲಿ ಅವಳು ಯಾವತ್ತಾದರೂ ಶೇಂಗಾ ಸುಲಿದಿದ್ದಳೇ ಎಂದು ನೆನಪು ಮಾಡಿಕೊಂಡೆ. ಇಲ್ಲ. ಆರು ನಂಬರಿನ ಟಾಯರಿದ್ದಾಗಲೂ ಇಲ್ಲ. ಅಷ್ಟೂ ವರ್ಷ ಅವಳ ಎರಡೂ ಕೈ ಆ ಸರಳಿನ ಮೇಲೇ ಇದ್ದವು, ಮತ್ತು ನಾನು ಅದನ್ನು ರಸ್ತೆ ಕೆಟ್ಟದ್ದಕ್ಕೆ ಎಂದುಕೊಂಡಿದ್ದೆ.

ಮುಂದಿನ ಸಲ ಅವಳು ತವರಿಗೆ ಹೊರಟ ದಿನ ನಾನು ಗಾಡಿಯನ್ನು ಅಂಗಡಿಯ ಮುಂದೆಯೇ ಬಿಟ್ಟು ಸ್ಟ್ಯಾಂಡಿಗೆ ನಡೆದು ಹೋಗಿ ಬಸ್ಸು ಹತ್ತಿದೆ. ಅವಳು ಕಿಟಕಿಯ ಪಕ್ಕ ಕೂತಿದ್ದಳು, ಈಚೆ ಒಬ್ಬ ಮುದುಕಿ. ಗೌರವ್ವ ನನ್ನನ್ನು ನೋಡಿದಳು, ಮುಖ ಹೊರಗೆ ತಿರುಗಿಸಿದಳು. ನಾನು ಮೇಲಿನ ಸರಳು ಹಿಡಿದು ಅವಳ ಸೀಟಿನ ಪಕ್ಕದಲ್ಲಿ ನಿಂತೆ. ಕಂಡಕ್ಟರ ಬಂದು ಹಿಂದೆ ಜಾಗ ಇದೆ, ಹೋಗಿ ಕೂಡ್ರಿ ಎಂದ. ಇಲ್ಲೇ ಇರುತ್ತೇನೆ ಎಂದೆ. ಬಸ್ಸು ಹೊರಟಿತು. ಪ್ರತಿ ತಗ್ಗಿಗೂ ನಾನು ಯಾರದಾದರೂ ಹೆಗಲ ಮೇಲೆ ಬೀಳುತ್ತಿದ್ದೆ, ತಪ್ಪಾಯಿತು ಎನ್ನುತ್ತಿದ್ದೆ. ಎಷ್ಟು ತಗ್ಗುಗಳೋ, ಅಷ್ಟು ಸಲ.

ಸಂಕೇಶ್ವರದಲ್ಲಿ ಮುದುಕಿ ಇಳಿದಳು. ಗೌರವ್ವ ತನ್ನ ಕೈಚೀಲವನ್ನು ಆ ಖಾಲಿ ಜಾಗದಲ್ಲಿಟ್ಟಳು. ನಾನು ನಿಂತೇ ಇದ್ದೆ. ಸಂಕೇಶ್ವರದ ಸಂತೆಯ ಮಂದಿ ಒಳಗೆ ನುಗ್ಗಿತು. ಮೆಣಸಿನಕಾಯಿ ಚೀಲ ಹೊತ್ತ ಒಬ್ಬ ದೊಡ್ಡ ಆಳು ನನ್ನನ್ನು ಸರಿಸಿ ಬಂದು, ಆ ಸೀಟು ನೋಡಿ, ಇಲ್ಲಿ ಯಾರರ ಬರೂದೈತೇನ್ರಿ ಎಂದು ಅವಳನ್ನು ಕೇಳಿದ.

ಗೌರವ್ವ ಕಿಟಕಿಯಿಂದ ಮುಖ ತಿರುಗಿಸಿ, ಆ ಮನುಷ್ಯನನ್ನು ನೋಡಿದಳು, ಆಮೇಲೆ ನನ್ನನ್ನು.

"ಹೌದ್ರಿ," ಎಂದಳು. "ಬಂದಾರ. ಆವಾಗಿಂದ ನಿಂತಾರ."

ಕೈಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ನಾನು ಕೂತೆ.